ಪೀಠ ಬಿಡಬೇಕಾದದ್ದು ಯಾವಾಗ?

(ಕಲಾದಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಚಿಕ್ಕು, ದಾಳಿಂಬೆಗಳಿಂದ ಹೆಸರಾದ ಈ ಊರು ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯ ಠಾಣ್ಯವಾಗಿತ್ತು ಎಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. ಮುಂಬಯಿ ಸರ್ಕಾರದ ಕಾಲದಲ್ಲಿ ಕಲಾದಗಿ ಎಂಬುದು ಜಿಲ್ಲೆಯ ಹೆಸರು. 1880ರ ದಶಕದಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದವು. ಕಚೇರಿಗಳ ಸಂಗಡ ವ್ಯಾಜ್ಯಗಳೂ ಹೋಗಿದ್ದರೆ ಚೆನ್ನಾಗಿತ್ತು. ಅವು ಇಲ್ಲೇ ಉಳಿದವು. ಬದುವಿನ ತಂಟೆ, ಹಿಸ್ಸೆಯ ತಂಟೆ, ನಂತರ ಆಲಮಟ್ಟಿ ಹಿನ್ನೀರು ಬಂದ ಮೇಲೆ ಪರಿಹಾರದ ತಂಟೆ. ಈ ಸಭೆಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತದ ಮನೆ ಒಂದೂ ಇರಲಾರದು. ಅದಕ್ಕೇ ಇವತ್ತಿನ ವಿಷಯ ವಕೀಲರಿಗಿಂತ ನಿಮಗೇ ಹೆಚ್ಚು ಸೇರಿದ್ದು. ಒಬ್ಬ ನ್ಯಾಯಾಧೀಶ ‘ಈ ಕೇಸು ನಾನು ಕೇಳುವುದಿಲ್ಲ, ಬೇರೆಯವರು ಕೇಳಲಿ’ ಎಂದು ಯಾವಾಗ ಹೇಳಬೇಕು? ಯಾವಾಗ ಹಾಗೆ ಹೇಳಬಾರದು?

ಪತ್ರಿಕೆಗಳಲ್ಲಿ ‘ವಿಚಾರಣೆಯಿಂದ ಹಿಂದೆ ಸರಿದ ನ್ಯಾಯಮೂರ್ತಿ’ ಎಂಬ ತಲೆಬರಹ ನೋಡಿದಾಗ ನಮಗೆ ಎರಡು ಬಗೆಯ ಯೋಚನೆ ಬರುತ್ತದೆ. ‘ಎಂಥ ದೊಡ್ಡ ಮನುಷ್ಯ’ ಎನ್ನುವುದು ಒಂದು. ‘ಒಳಗ ಏನೋ ಇರಬೇಕು’ ಎನ್ನುವುದು ಇನ್ನೊಂದು. ಎರಡೂ ಆತುರದ ಮಾತು.

ನಮ್ಮ ಕಡೆ ಊರಿನ ಪಂಚರನ್ನು ದೈವದವರು ಎನ್ನುತ್ತೇವೆ. ದೈವ ಕೂಡಿದಾಗ ಒಬ್ಬ ಹಿರಿಯರು ‘ಅಂವ ನಮ್ಮ ಬೀಗ ಅದಾನ, ಈ ಮಾತಿನಾಗ ನಾ ಬರೂದುಲ್ಲ’ ಎಂದು ಎದ್ದು ಹೋಗುವುದನ್ನು ಕಂಡವರು ನಿಮ್ಮಲ್ಲಿದ್ದೀರಿ. ಆದರೆ ಉಳಿದು ಕೂತವರೇನು ಅಪರಿಚಿತರೇ? ಎರಡೂ ಕಡೆಯವರ ಹೊಲ, ಬಾವಿ, ಅಜ್ಜನ ಕಾಲದ ಸಿಟ್ಟು, ಎಲ್ಲ ಅವರಿಗೆ ಗೊತ್ತು. ಗೊತ್ತಿತ್ತೆಂದೇ ಅವರನ್ನು ಕರೆದದ್ದು. ಅಂದರೆ ಊರು ಒಂದು ಗೆರೆ ಎಳೆದಿತ್ತು: ಪರಿಚಯ ಬೇರೆ, ಪಾಲು ಬೇರೆ. ಪರಿಚಯವಿದ್ದವನು ಕೂಡ್ರಬಹುದು, ಪಾಲಿದ್ದವನು ಏಳಬೇಕು. ಈ ಗೆರೆ ಎಲ್ಲಿ ಬೀಳಬೇಕು ಎನ್ನುವುದರ ಮೇಲೇ ಮುಂದಿನ ಎಲ್ಲ ಜಗಳವೂ ನಿಂತಿದೆ ಎಂದು ನಾನು ತಿಳಿದಿದ್ದೇನೆ. ದೈವದವರ ನ್ಯಾಯವೆಲ್ಲ ಚಿನ್ನವಾಗಿತ್ತೆಂದು ಹೇಳುತ್ತಿಲ್ಲ. ಕಟ್ಟೆಯ ಮೇಲೆ ಯಾವ ಜಾತಿಯವರಿಗೆ ಜಾಗವಿತ್ತು, ಯಾರು ಕೆಳಗೆ ನಿಲ್ಲಬೇಕಿತ್ತು ಎನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಬೀಗನಿಗಾಗಿ ಎದ್ದ ಹಿರಿಯ, ತನ್ನ ಜಾತಿಗಾಗಿ ಎದ್ದದ್ದು ಅಪರೂಪ.

ಬರೆದ ಕಾನೂನಿಗೂ ಈ ಪ್ರಶ್ನೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಹಿಂದೂ ಕುಟುಂಬದ ಆಸ್ತಿ ಹಂಚಿಕೆಗೆ ಇಂದಿಗೂ ಆಧಾರ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯ ವ್ಯವಹಾರ ಭಾಗದ ಆರಂಭದಲ್ಲೇ ನ್ಯಾಯಸಭೆಯವರ ಮಾತು ಬರುತ್ತದೆ. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಧರ್ಮ ಬಿಟ್ಟು ನಡೆದ ಸಭ್ಯರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ವ್ಯಾಜ್ಯದಲ್ಲಿ ಸೋತವನು ಕೊಡಬೇಕಾದ ದಂಡದ ಎರಡು ಪಟ್ಟು ದಂಡ. ಸ್ಮೃತಿಕಾರರು ತಪ್ಪು ಮಾಡಿದ ಮೇಲೆ ದಂಡ ಹಾಕುತ್ತಾರೆ. ಈಗಿನ ಕಾನೂನು ತಪ್ಪಾಗುವ ಮೊದಲೇ ಎಬ್ಬಿಸುತ್ತದೆ. ವ್ಯತ್ಯಾಸ ಇಷ್ಟೇ. ರಾಗ, ಲೋಭ, ಭಯ ಎಂಬ ಮೂರು ಕಾರಣಗಳಿಗೆ ನಾಲ್ಕನೆಯದನ್ನು ಸೇರಿಸಲು ಇವತ್ತಿನ ಕಾನೂನು ಪುಸ್ತಕಗಳಿಗೂ ಆಗಿಲ್ಲ.

ಮೊದಲು ಲೋಭವನ್ನು ತೆಗೆದುಕೊಳ್ಳೋಣ, ಏಕೆಂದರೆ ಅಲ್ಲಿ ತಕರಾರು ಕಡಿಮೆ. ಹಣದ ಪಾಲು ಒಂದು ಪೈಸೆಯಿದ್ದರೂ ಏಳಬೇಕು. ಇದಕ್ಕೆ ಹಳೆಯ ಉದಾಹರಣೆ ಇಂಗ್ಲೆಂಡಿನ ಒಂದು ಕಾಲುವೆಯ ಕೇಸು. ಗ್ರ್ಯಾಂಡ್ ಜಂಕ್ಷನ್ ಕಾಲುವೆ ಕಂಪನಿಯ ಪರವಾಗಿ ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಮ್ ಆದೇಶ ಮಾಡಿದ್ದರು. ಅವರ ಬಳಿ ಆ ಕಂಪನಿಯ ಷೇರುಗಳಿದ್ದವು. ಆ ಷೇರಿನ ಆಸೆಗೆ ಅವರು ಹಾಗೆ ತೀರ್ಪು ಕೊಟ್ಟರೆಂದು ಯಾರೂ ಹೇಳಲಿಲ್ಲ. ಆದರೂ 1852ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ಆದೇಶವನ್ನು ತೆಗೆದುಹಾಕಿತು.

ನಮ್ಮಲ್ಲಿ ಅಂಬಾನಿ ಸಹೋದರರ ಅನಿಲದ ಜಗಳ 2009ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಪತ್ನಿಯ ಹೆಸರಿನಲ್ಲಿ ರಿಲಯನ್ಸ್ ಷೇರುಗಳಿವೆ ಎಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಹಿಂದೆ ಸರಿದರು. ಅದೇ ಕೇಸಿನಲ್ಲಿ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೊದಲ ದಿನವೇ ಎರಡೂ ಅಣ್ಣತಮ್ಮಂದಿರ ಕಂಪನಿಗಳಲ್ಲಿ ತಮಗೆ ಷೇರುಗಳಿವೆ ಎಂದು ತೆರೆದು ಹೇಳಿದರು. ಇಬ್ಬರೂ ‘ನಮ್ಮ ಅಡ್ಡಿಯಿಲ್ಲ’ ಎಂದರು, ವಿಚಾರಣೆ ನಡೆಯಿತು. ಹಲವು ದಿನ ವಾದ ಕೇಳಿದ ಮೇಲೆ, ಮಗಳು ಕೆಲಸ ಮಾಡುವ ಕಾನೂನು ಸಂಸ್ಥೆ ಮುಕೇಶ್ ಅಂಬಾನಿಯವರ ಕಂಪನಿಗೆ ಬೇರೊಂದು ವ್ಯವಹಾರದಲ್ಲಿ ಸಲಹೆ ಕೊಡುತ್ತಿದೆ ಎಂದು ಅವರಿಗೆ ತಿಳಿಯಿತು. ಆ ವ್ಯವಹಾರಕ್ಕೂ ಈ ಕೇಸಿಗೂ ಸಂಬಂಧವಿರಲಿಲ್ಲ. ಆದರೂ 2009ರ ನವೆಂಬರ್ 4ರಂದು ಅವರು ಪೀಠ ಬಿಟ್ಟರು, ಕಾರಣವನ್ನೂ ಎಲ್ಲರೆದುರು ಹೇಳಿದರು. ಹೊಸ ಪೀಠದ ಮುಂದೆ ವಾದ ಮತ್ತೆ ಮೊದಲಿಂದ ಶುರುವಾಯಿತು. ಅಂಬಾನಿಗಳಿಗೆ ಅದರ ಖರ್ಚು ತಡೆಯಿತು. ಎಲ್ಲರಿಗೂ ತಡೆಯುವುದಿಲ್ಲ.

ಹಣದ ಪಾಲು ಎಂದರೆ ಷೇರು, ಕಂಪನಿ ಎಂದು ನೀವು ತಿಳಿಯಬಾರದು. ಬಾಗಲಕೋಟೆ ಜಿಲ್ಲೆಯಲ್ಲಿ ಅದು ಬೇರೆ ವೇಷದಲ್ಲಿ ಬರುತ್ತದೆ. ಮುಳುಗಡೆ ಜಮೀನಿನ ಕೇಸುಗಳ ಬಗ್ಗೆ ಯೋಚಿಸಿ. 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ಸೇರಿಸಿದ 28ಎ ಎಂಬ ಕಲಮಿದೆ. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡವರಲ್ಲಿ ಒಬ್ಬ ರೈತ ಕೋರ್ಟಿಗೆ ಹೋಗಿ ಎಕರೆಗೆ ಹೆಚ್ಚು ದರ ಗೆದ್ದರೆ, ಕೋರ್ಟಿಗೆ ಹೋಗದ ಉಳಿದವರೂ ಮೂರು ತಿಂಗಳೊಳಗೆ ಅರ್ಜಿ ಹಾಕಿ ಅದೇ ಆಧಾರದಲ್ಲಿ ತಮ್ಮ ಪರಿಹಾರ ಏರಿಸಿಕೊಳ್ಳಬಹುದು. ಬಡವರಿಗಾಗಿ ಮಾಡಿದ ಒಳ್ಳೆಯ ಕಲಮು. 2013ರ ಹೊಸ ಕಾಯ್ದೆಯಲ್ಲೂ 73ನೇ ಕಲಮಾಗಿ ಅದು ಉಳಿದಿದೆ.

ಈಗ ಒಂದು ಕಲ್ಪನೆ ಮಾಡಿ. ಪರಿಹಾರದ ಕೇಸು ಕೇಳುವ ನ್ಯಾಯಾಧೀಶರ ಹೆಂಡತಿಯ ತವರುಮನೆಯ ನಾಲ್ಕು ಎಕರೆ ಅದೇ ಅಧಿಸೂಚನೆಯಲ್ಲಿದೆ. ಮಾವನವರು ಕೋರ್ಟಿಗೆ ಬಂದಿಲ್ಲ. ಕೇಸಿನ ಕಡತದಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಅರ್ಜಿದಾರ ಯಾರೋ ಮೂರನೆಯವನು, ಜಾತಿ ಬೇರೆ, ಓಣಿ ಬೇರೆ. ಆದರೆ ಆ ಮೂರನೆಯವನಿಗೆ ಏರಿಸಿದ ಒಂದೊಂದು ರೂಪಾಯಿಯೂ ಮಾವನವರ ನಾಲ್ಕು ಎಕರೆಗೆ ದಾರಿ ಮಾಡುತ್ತದೆ. ಇಲ್ಲಿ ಸರ್ಕಾರದ ವಕೀಲರಿಗೆ ತಕರಾರು ಎತ್ತಲು ಗೊತ್ತಾಗುವುದಾದರೂ ಹೇಗೆ? ಗೊತ್ತಿರುವವರು ಒಬ್ಬರೇ, ಪೀಠದ ಮೇಲೆ ಕೂತವರು. ಅದಕ್ಕೇ ತೆರೆದು ಹೇಳುವ ಭಾರ ಮೊದಲು ನ್ಯಾಯಾಧೀಶರದು, ತಕರಾರಿನ ಭಾರ ಆಮೇಲೆ ಪಕ್ಷಗಾರರದು. ನ್ಯಾಯಾಧೀಶರನ್ನು ಸಾಮಾನ್ಯವಾಗಿ ಸ್ವಂತ ಜಿಲ್ಲೆಗೆ ಹಾಕುವುದಿಲ್ಲ, ನಿಜ. ಬೀಗತನಗಳಿಗೆ ಜಿಲ್ಲೆಯ ಗಡಿ ಇಲ್ಲವಲ್ಲ.

ಇನ್ನು ರಾಗ. ದ್ವೇಷವೂ ಇದರೊಳಗೇ ಬರುತ್ತದೆ. ಇಲ್ಲಿ ಅಳತೆಗೋಲು ಸಿಗುವುದು ಕಷ್ಟ, ಏಕೆಂದರೆ ಮನಸ್ಸನ್ನು ತೂಗುವ ತಕ್ಕಡಿ ಇಲ್ಲ. ಭಾರತದ ಕಾನೂನು ಈ ಕಷ್ಟವನ್ನು ದಾಟಿದ ಬಗೆ ಸ್ವಾರಸ್ಯವಾಗಿದೆ. ದಾಟಿಸಿದ ಮೂರು ಮುಖ್ಯ ತೀರ್ಪುಗಳನ್ನು ಬರೆದವರು ಒಂದಲ್ಲ ಒಂದು ಬಗೆಯಲ್ಲಿ ಕನ್ನಡ ನಾಡಿಗೆ ಸೇರಿದವರೆಂಬುದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ.

ಮೊದಲನೆಯವರು ಪಿ.ಬಿ. ಗಜೇಂದ್ರಗಡಕರ. ಹುಟ್ಟಿದ್ದು ಸಾತಾರೆಯಲ್ಲಿ; ಕಾಲೇಜಿನ ಮೊದಲ ವರ್ಷಗಳನ್ನು ಕಳೆದದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಮನೆತನದ ಹೆಸರು ನಮ್ಮ ನೆರೆಯ ಗಜೇಂದ್ರಗಡದ್ದು. 1957ರಲ್ಲಿ ಅವರ ಮುಂದೆ ಬಂದದ್ದು ರಾಜಸ್ಥಾನದ ವಕೀಲ ಮಾಣಕ್ ಲಾಲರ ಕೇಸು. ಡಾ. ಪ್ರೇಮಚಂದ ಸಿಂಘ್ವಿ ಎಂಬವರು ಕೊಟ್ಟ ದೂರಿನ ಮೇಲೆ ಮಾಣಕ್ ಲಾಲರ ನಡತೆಯ ವಿಚಾರಣೆಗೆ ಮೂವರ ಮಂಡಳಿ ಕೂತಿತ್ತು. ಅದರ ಅಧ್ಯಕ್ಷರು ಹಿಂದೊಮ್ಮೆ ಅದೇ ಜಗಳಕ್ಕೆ ಸೇರಿದ ಪ್ರಕರಣದಲ್ಲಿ ಪ್ರೇಮಚಂದರ ಪರ ವಾದಿಸಿದ್ದರು. ಅಧ್ಯಕ್ಷರಿಗೆ ಆ ಹಳೆಯ ಹಾಜರಿ ನೆನಪಿತ್ತೋ ಇಲ್ಲವೋ, ಅದು ಮುಖ್ಯವಲ್ಲ ಎಂದರು ಗಜೇಂದ್ರಗಡಕರ. ಪಕ್ಷಪಾತ ನಡೆಯಿತೆಂದು ಸಾಬೀತು ಮಾಡಬೇಕಿಲ್ಲ, ನಡೆಯಬಹುದೆಂದು ಪಕ್ಷಗಾರನಿಗೆ ಸಕಾರಣವಾಗಿ ಅನ್ನಿಸಿದರೆ ಸಾಕು. ಆ ಮಂಡಳಿಯಲ್ಲಿ ಅವರು ಕೂಡ್ರಬಾರದಿತ್ತು.

ಹಾಗಾದರೆ ಮಾಣಕ್ ಲಾಲ್ ಗೆದ್ದರೇ? ಇಲ್ಲ. ಅಧ್ಯಕ್ಷರು ಯಾರೆಂದು ಅವರಿಗೂ ಅವರ ವಕೀಲರಿಗೂ ಮೊದಲಿಂದ ಗೊತ್ತಿತ್ತು. ಮಂಡಳಿಯ ಮುಂದೆ ಬಾಯಿ ಬಿಡಲಿಲ್ಲ. ವರದಿ ತಮ್ಮ ಪರ ಬಂದರೆ ಬರಲಿ ಎಂದು ಕಾದರು, ವಿರುದ್ಧ ಬಂದ ಮೇಲೆ ತಕರಾರು ತೆಗೆದರು. ಅದು ನಡೆಯದು ಎಂದು ಸುಪ್ರೀಂ ಕೋರ್ಟ್ ಅವರ ಮೇಲ್ಮನವಿ ವಜಾ ಮಾಡಿತು. ಈ ತೀರ್ಪಿನ ಮೊದಲ ಅರ್ಧವನ್ನಷ್ಟೇ ಓದಿ ವಾದಿಸುವ ವಕೀಲರು ಬಹಳ. ಕಿರಿಯ ಮಿತ್ರರು ಎರಡನೆಯ ಅರ್ಧವನ್ನು ಮೊದಲು ಓದಬೇಕು.

ಎರಡನೆಯವರು ಕಾರ್ಕಳದ ಕಡೆಯ ಕೌಡೂರು ಸದಾನಂದ ಹೆಗ್ಡೆ. 1973ರಲ್ಲಿ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಬಂದ ಕೆ.ಎಸ್. ಹೆಗ್ಡೆಯವರೇ. ಆಮೇಲೆ ಲೋಕಸಭೆಯ ಸ್ಪೀಕರ್ ಆದರು. 1969ರ ಏಪ್ರಿಲಿನಲ್ಲಿ ಅವರು ಬರೆದ ಕ್ರೈಪಕ್ ತೀರ್ಪು ಓದಿದರೆ ನಮ್ಮ ಯಾವ ಸರ್ಕಾರಿ ಕಚೇರಿಯ ಕಥೆಯೋ ಎನ್ನಿಸುತ್ತದೆ. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಬೇಕು. ಆರಿಸುವ ಮಂಡಳಿಯಲ್ಲಿ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕ್ಷಬಂದ್ ಕೂತಿದ್ದಾರೆ. ಅವರೂ ಅಭ್ಯರ್ಥಿಯೇ! ಅವರ ಹೆಸರು ಬಂದಾಗ ಹೊರಗೆ ಎದ್ದು ಹೋದರು. ಅವರ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಇದ್ದರು. ಪಟ್ಟಿ ಹೊರಬಿದ್ದಾಗ ನಕ್ಷಬಂದರ ಹೆಸರು ಎಲ್ಲರಿಗಿಂತ ಮೇಲೆ. ಉಳಿದ ಸದಸ್ಯರು ‘ಅವರು ನಮ್ಮ ಮೇಲೆ ಪ್ರಭಾವ ಬೀರಲಿಲ್ಲ’ ಎಂದು ಪ್ರಮಾಣಪತ್ರ ಹಾಕಿದರು. ಹೆಗ್ಡೆ ಒಪ್ಪಲಿಲ್ಲ. ಕೋಣೆಯಿಂದ ಐದು ನಿಮಿಷ ಎದ್ದು ಹೋದರೆ ಪಾಲು ಎದ್ದು ಹೋಗುವುದಿಲ್ಲ ಎನ್ನುವುದು ಅವರ ಮಾತಿನ ತಿರುಳು. ಇಡೀ ಆಯ್ಕೆ ಬಿದ್ದುಹೋಯಿತು.

ಕ್ರೈಪಕ್‌ನಿಂದ ನಮಗಾದ ದೊಡ್ಡ ಲಾಭ ಇನ್ನೊಂದು. ಈ ನಿಯಮ ಕರಿ ಕೋಟು ಹಾಕಿದ ನ್ಯಾಯಾಧೀಶರಿಗಷ್ಟೇ ಅಲ್ಲ, ಆಡಳಿತದ ಅಧಿಕಾರಿಗೂ ಅನ್ವಯಿಸುತ್ತದೆ ಎಂದಾಯಿತು. ತಹಶೀಲ್ದಾರರ ಮುಂದಿನ ಪಹಣಿ ತಕರಾರು, ಉಪವಿಭಾಗಾಧಿಕಾರಿಯ ಮುಂದಿನ ಅಪೀಲು, ಇಳಕಲ್ಲಿನ ನೇಕಾರರ ಸಂಘದ ಸದಸ್ಯತ್ವದ ಜಗಳ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಮುಂದೆ ಹೋದಾಗ, ಅಲ್ಲೆಲ್ಲ ಇದೇ ಅಳತೆ. ಜನಸಾಮಾನ್ಯರ ನ್ಯಾಯದ ಬಹುಪಾಲು ನಡೆಯುವುದು ಈ ಕಚೇರಿಗಳಲ್ಲೇ.

ಮೂರನೆಯವರು ಎಂ.ಎನ್. ವೆಂಕಟಾಚಲಯ್ಯ. 1987ರ ರಣಜಿತ್ ಠಾಕೂರ್ ಪ್ರಕರಣ. ಠಾಕೂರ್ ಸೈನ್ಯದ ಸಿಗ್ನಲ್ ವಿಭಾಗದ ಸಾಮಾನ್ಯ ಜವಾನ. ತನ್ನ ಕಮಾಂಡಿಂಗ್ ಅಧಿಕಾರಿ ಕಿರುಕುಳ ಕೊಡುತ್ತಾನೆಂದು ಮೇಲಿನವರಿಗೆ ನೇರವಾಗಿ ದೂರು ಬರೆದ. ಕ್ರಮ ತಪ್ಪಿ ಬರೆದನೆಂದು 28 ದಿನದ ಶಿಕ್ಷೆಯಾಯಿತು. ಆ ಶಿಕ್ಷೆಯಲ್ಲಿದ್ದಾಗ ಊಟ ಮಾಡು ಎಂದರೆ ಮಾಡಲಿಲ್ಲ. ಮರುದಿನವೇ ಸೈನ್ಯದ ನ್ಯಾಯಾಲಯ ಕೂತಿತು, ಯಾರ ಮೇಲೆ ದೂರು ಕೊಟ್ಟಿದ್ದನೋ ಅದೇ ಅಧಿಕಾರಿ ಅದರಲ್ಲಿ ಕೂತರು. ಊಟ ಮಾಡದ ಅಪರಾಧಕ್ಕೆ ಒಂದು ವರ್ಷ ಜೈಲು, ನೌಕರಿಯಿಂದ ವಜಾ. ವೆಂಕಟಾಚಲಯ್ಯನವರು ಎರಡನ್ನೂ ರದ್ದು ಮಾಡಿದರು. ಹಾಗೆ ಮಾಡುವಾಗ ಅವರು ಹೇಳಿದ ಮಾತು ಇವತ್ತು ದೇಶದ ಎಲ್ಲ ಕೋರ್ಟುಗಳಲ್ಲೂ ಓಡಾಡುತ್ತಿದೆ. ನ್ಯಾಯಾಧೀಶ ತನ್ನ ಎದೆ ಮುಟ್ಟಿಕೊಂಡು ‘ನಾನು ಪಕ್ಷಪಾತಿಯೇ’ ಎಂದು ಕೇಳಿಕೊಳ್ಳಬಾರದು. ಎದುರಿಗೆ ನಿಂತವನ ಮನಸ್ಸಿಗೆ ಏನನ್ನಿಸುತ್ತದೆ ಎಂದು ನೋಡಬೇಕು.

ಇದು ಕೇಳಲು ಸುಲಭ. ಎದೆ ಮುಟ್ಟಿಕೊಂಡರೆ ಎಲ್ಲರೂ ಶುದ್ಧರೇ. ಪಕ್ಷಪಾತಿಗಂತೂ ತನ್ನ ಪಕ್ಷಪಾತ ನ್ಯಾಯದಂತೆಯೇ ಕಾಣುತ್ತದೆ. ಹಾಗಾಗಿ ಪ್ರಶ್ನೆಯನ್ನು ನ್ಯಾಯಾಧೀಶರ ಮನಸ್ಸಿನಿಂದ ಪಕ್ಷಗಾರನ ಕಣ್ಣಿಗೆ ಸಾಗಿಸಿದ್ದು ದೊಡ್ಡ ಹೆಜ್ಜೆ. ಆದರೆ ಸೋಲುವ ಭಯವಿರುವ ಪ್ರತಿ ಪಕ್ಷಗಾರನ ಕಣ್ಣಿಗೂ ನ್ಯಾಯಾಧೀಶ ವಿರೋಧಿಯಂತೆ ಕಾಣಬಹುದಲ್ಲ? ತಾರೀಖು ಕೊಡಲಿಲ್ಲ, ಸಿಡುಕಿದರು, ಎದುರು ವಕೀಲರಿಗೆ ನಕ್ಕರು ಎಂದು ವರ್ಗಾವಣೆ ಅರ್ಜಿ ಹಾಕುವವರನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೆ ಕಾನೂನು ‘ಸಕಾರಣವಾಗಿ’ ಎಂಬ ಮಾತನ್ನು ಸೇರಿಸಿತು. ಬೆಂಗಳೂರಿನಲ್ಲಿ 2001ರಲ್ಲಿ ಹಲವು ದೇಶಗಳ ಮುಖ್ಯ ನ್ಯಾಯಮೂರ್ತಿಗಳು ಕೂತು ಕರಡು ಮಾಡಿ, 2002ರಲ್ಲಿ ಹೇಗ್ ನಗರದಲ್ಲಿ ಅಂತಿಮಗೊಳಿಸಿದ ನ್ಯಾಯಾಧೀಶರ ನಡತೆಯ ಸೂತ್ರಗಳಿಗೆ ಜಗತ್ತಿನಾದ್ಯಂತ ಬೆಂಗಳೂರು ಸೂತ್ರಗಳು ಎಂದೇ ಹೆಸರು. ಅವು ಹೇಳುವುದೂ ವಿವೇಕವುಳ್ಳ ನೋಡುಗನ ಕಣ್ಣಿನ ಮಾತನ್ನೇ: ವಿವಾದದ ಸಂಗತಿ ಖುದ್ದಾಗಿ ಗೊತ್ತಿದ್ದವರು, ಅದೇ ಕೇಸಿನಲ್ಲಿ ಮೊದಲು ವಕೀಲರೋ ಸಾಕ್ಷಿಯೋ ಆಗಿದ್ದವರು, ಕುಟುಂಬಕ್ಕೆ ಅದರ ಫಲದಲ್ಲಿ ಪಾಲಿದ್ದವರು ಕೂಡ್ರಬಾರದು. ಜೊತೆಗೆ ಒಂದು ವಿನಾಯಿತಿ: ಕೇಳಲು ಬೇರೆ ಪೀಠವೇ ಇಲ್ಲದಿದ್ದರೆ, ತಡಮಾಡಿದರೆ ಅನ್ಯಾಯವಾಗುವಂತಿದ್ದರೆ, ಕೂಡ್ರಬಹುದು.

ಅಪರಾಧ ಪ್ರಕರಣಗಳಲ್ಲಿ ಇದಕ್ಕೆ ಬರೆದ ಕಾನೂನೇ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 479ನೇ ಕಲಮು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 525. ತನಗೆ ಸ್ವಂತ ಹಿತವಿರುವ ಕೇಸನ್ನು ಮ್ಯಾಜಿಸ್ಟ್ರೇಟ್ ನಡೆಸುವಂತಿಲ್ಲ. ಆದರೆ ಅದೇ ಕಲಮು ಒಂದು ಸ್ಪಷ್ಟೀಕರಣ ಕೊಡುತ್ತದೆ: ಅಪರಾಧ ನಡೆದ ಸ್ಥಳವನ್ನು ನೋಡಿದ್ದಾರೆ ಎಂಬುದಷ್ಟರಿಂದಲೇ ಮ್ಯಾಜಿಸ್ಟ್ರೇಟರು ಹಿತವುಳ್ಳವರಾಗುವುದಿಲ್ಲ. ಪರಿಚಯ ಬೇರೆ, ಪಾಲು ಬೇರೆ.

ಇದೇ ಗೆರೆಯನ್ನು ಕರ್ನಾಟಕ ಒಮ್ಮೆ ಬೇಕೆಂದೇ ಅಳಿಸಿ ನೋಡಿತು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರರ ಅರ್ಜಿಗಳನ್ನು, ಹಳ್ಳಿಯವರು ಇಂದಿಗೂ ಫಾರಂ ಏಳು ಎನ್ನುತ್ತಾರಲ್ಲ, ಅವನ್ನು ತೀರ್ಮಾನಿಸಲು ತಾಲೂಕಿಗೊಂದು ಭೂನ್ಯಾಯಮಂಡಳಿ ಬಂತು. ಉಪವಿಭಾಗಾಧಿಕಾರಿ ಅಧ್ಯಕ್ಷ. ಸರ್ಕಾರ ನಾಮಕರಣ ಮಾಡಿದ ನಾಲ್ವರು ಸ್ಥಳೀಯ ಸದಸ್ಯರು, ಅವರಲ್ಲೊಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಮೊದಲು ವಕೀಲರಿಗೆ ಪ್ರವೇಶವೂ ಇರಲಿಲ್ಲ. ಆ ಸದಸ್ಯರಿಗೆ ಯಾರು ಯಾರ ಹೊಲ ಉತ್ತಿದ್ದರು ಎಂದು ಕಣ್ಣಾರೆ ಗೊತ್ತಿತ್ತು. ಕಾಗದವಿಲ್ಲದ ಗೇಣಿದಾರನಿಗೆ ಆ ತಿಳಿವಳಿಕೆಯೇ ದಾಖಲೆಯಾಯಿತು. ‘ಸದಸ್ಯರು ನಮ್ಮ ವಿರೋಧ ಪಕ್ಷದವರು’ ಎಂದು ಭೂಮಾಲೀಕರು ದೂರಿದರು. ಆ ದೂರುಗಳಲ್ಲಿ ಕೆಲವು ನಿಜವೂ ಇದ್ದಿರಬಹುದು. ಆದರೂ ಸ್ಥಳೀಯರನ್ನು ಬಿಟ್ಟು, ಊರೇ ಗೊತ್ತಿಲ್ಲದವರನ್ನು ಕೂಡ್ರಿಸಿದ್ದರೆ ಈ ಜಿಲ್ಲೆಯ ಎಷ್ಟು ಮನೆಗಳ ಪಹಣಿಯಲ್ಲಿ ಇವತ್ತು ಉಳುವವನ ಹೆಸರು ಇರುತ್ತಿತ್ತು ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ. ಏನೂ ಗೊತ್ತಿಲ್ಲದಿರುವುದನ್ನೇ ನಿಷ್ಪಕ್ಷಪಾತ ಎಂದು ನಾವು ತಿಳಿಯಬಾರದು.

ಈಗ ನಮ್ಮ ಹೊಳೆಯ ಮಾತಿಗೆ ಬರುತ್ತೇನೆ. ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ತೀರ್ಪು ಕೊಟ್ಟು, ಆಲಮಟ್ಟಿಯಲ್ಲಿ 519.6 ಮೀಟರಿನ ಬದಲು 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. 2013ರಲ್ಲಿ ಸ್ಪಷ್ಟೀಕರಣದ ವರದಿಯೂ ಬಂತು. ಆದರೆ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಬಾರದೆಂಬ ಸುಪ್ರೀಂ ಕೋರ್ಟಿನ ತಡೆ 2011ರಿಂದ ಇದೆ. ಆ ತಡೆ ತೆಗೆಯಿರಿ ಎಂದು ಕರ್ನಾಟಕ ಹಾಕಿದ ಅರ್ಜಿ 2022ರ ಜನವರಿ 10ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎ.ಎಸ್. ಬೋಪಣ್ಣ ಅವರ ಮುಂದೆ ಬಂತು. ಒಬ್ಬರು ಮಹಾರಾಷ್ಟ್ರದವರು, ಇನ್ನೊಬ್ಬರು ಕರ್ನಾಟಕದವರು. ತಾವು ಕಕ್ಷಿದಾರ ರಾಜ್ಯಗಳವರೆಂದು ಹೇಳಿ ಇಬ್ಬರೂ ಹಿಂದೆ ಸರಿದರು. ಅದಕ್ಕೂ ಮುಂಚೆ, 2021ರ ಆಗಸ್ಟಿನಲ್ಲಿ, ಆಂಧ್ರ ಮತ್ತು ತೆಲಂಗಾಣದ ಕೃಷ್ಣೆಯ ಜಗಳದಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ತಮ್ಮದು ಎರಡೂ ರಾಜ್ಯಗಳ ನಂಟು ಎಂದು ಹೇಳಿ, ರಾಜಿಗಾದರೆ ಸಹಾಯ ಮಾಡುತ್ತೇನೆ ಎಂದರು. ಆಂಧ್ರ ಕಾನೂನಿನ ತೀರ್ಪೇ ಬೇಕೆಂದಾಗ ಕೇಸನ್ನು ಬೇರೆ ಪೀಠಕ್ಕೆ ಕಳುಹಿಸಿದರು.

ಮೂವರೂ ಗೌರವಸ್ಥರು, ಮೂವರ ನಡತೆಯೂ ಸಭ್ಯ. ಆದರೂ ನನಗೆ ಇದು ಸರಿ ಕಾಣುವುದಿಲ್ಲ. ಬೋಪಣ್ಣನವರು ಕೊಡಗಿನವರು. ಅಲ್ಲಿ ಹುಟ್ಟುವುದು ಕಾವೇರಿ. ಕೃಷ್ಣೆಯ ಒಂದು ಹನಿ ಆ ಕಡೆ ಹರಿಯುವುದಿಲ್ಲ. ರಾಜ್ಯದ ಹೆಸರೊಂದೇ ಪಾಲು ಎನ್ನುವುದಾದರೆ, ಕೇಂದ್ರ ಸರ್ಕಾರ ಕಕ್ಷಿದಾರವಾದ ಕೇಸನ್ನು ಯಾವ ಭಾರತೀಯ ಕೇಳಬೇಕು?

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಆ ಪೀಠ ನಮ್ಮ ವಿರುದ್ಧ ಆದೇಶ ಮಾಡಿದ್ದರೆ ಬಾಗಲಕೋಟೆಯ ಚಹಾದಂಗಡಿಯಲ್ಲಿ ಏನು ಕೇಳುತ್ತಿತ್ತು? ‘ಮಹಾರಾಷ್ಟ್ರದವರು ಕೂತಿದ್ರಲ್ಲ, ಮತ್ತೇನಾಗ್ತದ?’ ನಮ್ಮ ಪರ ಆಗಿದ್ದರೆ ಸಾಂಗಲಿಯಲ್ಲಿ ಬೋಪಣ್ಣನವರ ಹೆಸರು ಬರುತ್ತಿತ್ತು. ಸ್ಮೃತಿಯ ಮೂರನೆಯ ಕಾರಣ ಭಯ ಎಂದೆನಲ್ಲ, ಅದಕ್ಕೆ ಒಂದು ಪಾಲು ಹೊಣೆ ನಾವೇ. ಜನರ ಅಂಥ ಮಾತಿಗೆ ಅಂಜಿ ಪೀಠ ಬಿಡುವ ರೂಢಿ ಬೆಳೆದರೆ, ಗಟ್ಟಿಯಾಗಿ ಕೂಗುವವರೇ ಪೀಠವನ್ನು ಆರಿಸುವ ದಿನ ಬರುತ್ತದೆ. 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗದ ಕೇಸಿನಲ್ಲಿ ನ್ಯಾಯಮೂರ್ತಿ ಕೇಹರ್ ತಾವು ಏಳುವುದಿಲ್ಲ ಎಂದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಎದ್ದರೆ ಹೆದರಿ ಎದ್ದಂತಾಗುತ್ತದೆ.

ಹಾಗೆಂದು ಕೂಡ್ರುವುದೆಲ್ಲ ಧೈರ್ಯವೂ ಅಲ್ಲ. ಜಮೀನು ಕಳೆದುಕೊಂಡ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣ. 2013ರ ಕಾಯ್ದೆಯ 24(2)ನೇ ಕಲಮಿನಡಿ ಹಳೆಯ ಸ್ವಾಧೀನ ಯಾವಾಗ ರದ್ದಾಗುತ್ತದೆ ಎಂಬ ಪ್ರಶ್ನೆ. 2018ರಲ್ಲಿ ಅದರ ಮೇಲೆ ತೀರ್ಪು ಬರೆದಿದ್ದ ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರೇ, ಅದೇ ಪ್ರಶ್ನೆ ಕೇಳುವ ಐವರ ಪೀಠದ ಮುಖ್ಯಸ್ಥರಾದರು. ರೈತರ ಕಡೆಯ ವಕೀಲರು ಬೇಡ ಎಂದರು. 2019ರ ಅಕ್ಟೋಬರ್ 23ರಂದು ಅವರು ದೀರ್ಘ ಆದೇಶ ಬರೆದು ನಿರಾಕರಿಸಿದರು. ಕಾನೂನಿನ ಪ್ರಶ್ನೆಯ ಮೇಲೆ ಹಿಂದೆ ಅಭಿಪ್ರಾಯ ಹೇಳಿದ್ದು ಪಕ್ಷಪಾತವಲ್ಲ ಎಂಬ ಅವರ ಮಾತು ತತ್ವಕ್ಕೆ ಸರಿಯೇ. ಇಲ್ಲದಿದ್ದರೆ ಅನುಭವವಿದ್ದ ಯಾವ ನ್ಯಾಯಾಧೀಶರೂ ಉಳಿಯುವುದಿಲ್ಲ. ಆದರೆ ತಮ್ಮದೇ ತೀರ್ಪಿನ ಸರಿತಪ್ಪು ನೋಡುವ ಪೀಠದಲ್ಲಿ ತಾವೇ ಮುಖ್ಯಸ್ಥರಾಗಬೇಕಿರಲಿಲ್ಲ. 2020ರ ಮಾರ್ಚ್ 6ರಂದು ರೈತರಿಗೆ ವಿರುದ್ಧವಾದ ತೀರ್ಪು ಬಂದಾಗ ಸೋತವರಿಗೆ ಸೋಲಿನ ಜೊತೆ ಸಂಶಯವೂ ಮನೆಗೆ ಬಂತು.

ಕೆಳಗಿನ ಕೋರ್ಟುಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ವಕೀಲರಲ್ಲದವರಿಗೆ ಹೇಳಬೇಕು. ಬಾದಾಮಿಯಲ್ಲೋ ಹುನಗುಂದದಲ್ಲೋ ಸಿವಿಲ್ ನ್ಯಾಯಾಧೀಶರು ‘ಈ ಕೇಸು ನನಗೆ ಬೇಡ’ ಎಂದರೆ ಅವರೇ ಅದನ್ನು ಪಕ್ಕದ ಕೋರ್ಟಿಗೆ ಕಳಿಸುವಂತಿಲ್ಲ. ಆದೇಶದ ಹಾಳೆಯಲ್ಲಿ ಎರಡು ಸಾಲು ಬರೆದು ಬಾಗಲಕೋಟೆಯ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಕಡತ ಕಳಿಸಬೇಕು. ಅವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಬೇರೆ ಕೋರ್ಟಿಗೆ ಹಚ್ಚುತ್ತಾರೆ. ಪಾಲು ವಾಟ್ನಿ ಕೇಸಿನ ಒಬ್ಬ ವಿಧವೆ, ವಾದ ಮುಗಿಯುವ ಹಂತದಲ್ಲಿ ಹೀಗಾದಾಗ ಕೇಳುವ ಪ್ರಶ್ನೆ ಒಂದೇ: ‘ಮತ್ತ ಮೊದಲಿಂದ ಏನ್ರಿ ಸಾಹೇಬ್ರ?’ ಪೂರ್ತಿ ಮೊದಲಿಂದ ಅಲ್ಲ. 18ನೇ ಆದೇಶದ 15ನೇ ನಿಯಮದ ಪ್ರಕಾರ ಬರೆದುಕೊಂಡ ಸಾಕ್ಷ್ಯ ಉಳಿಯುತ್ತದೆ. ವಾದ ಮಾತ್ರ ಮತ್ತೆ. ಆದರೆ ಅವಳ ಊರಿನಿಂದ ನವನಗರಕ್ಕೆ ಬಸ್ಸಿನ ಖರ್ಚು, ಕಳೆದ ಕೂಲಿ, ಮುಂದೆ ಬಿದ್ದ ತಾರೀಖು ಇವುಗಳಿಗೆ ಯಾವ ನಿಯಮವೂ ಇಲ್ಲ. ಏಳಬೇಕಾದವರು ಮೊದಲ ದಿನವೇ ಏಳಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ. ಕಷ್ಟದ ಕೇಸು, ಪ್ರಭಾವಿಗಳ ಕೇಸು ಎಂದು ತಪ್ಪಿಸಿಕೊಳ್ಳಲು ‘ಪರಿಚಿತರು’ ಎಂದು ಬರೆಯುವುದಂತೂ ಕರ್ತವ್ಯಲೋಪ.

ಕೊನೆಯದಾಗಿ ಮೌನದ ಮಾತು. 2019ರಲ್ಲಿ ಮಾನವ ಹಕ್ಕುಗಳ ಹೋರಾಟಗಾರ ಗೌತಮ್ ನವಲಖಾ ಅವರ ಅರ್ಜಿಯಿಂದ ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹಿಂದೆ ಸರಿದರು. ಆದೇಶಗಳಲ್ಲಿ ಕಾರಣವಿಲ್ಲ. ಹಳೆಯ ವಕೀಲಿಕೆಯ ನಂಟೋ, ಬೇರೇನೋ, ಎಲ್ಲವೂ ಊಹೆಗೆ ಬಿತ್ತು. ‘ನಾನು ಸದಸ್ಯನಲ್ಲದ ಪೀಠದ ಮುಂದೆ ಇಡಿ’ ಎಂಬ ಒಂದೇ ಸಾಲಿನ ಆದೇಶ ಹೈಕೋರ್ಟುಗಳಲ್ಲೂ ಸಾಮಾನ್ಯ. ನೇಮಕಾತಿ ಆಯೋಗದ ಕೇಸಿನಲ್ಲಿ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಕಾರಣ ಹೇಳುವುದು ಸಂವಿಧಾನದ ಕರ್ತವ್ಯ ಎಂದರು. ನ್ಯಾಯಮೂರ್ತಿ ಲೋಕೂರ್ ಇದಕ್ಕೆಲ್ಲ ನಿಯಮಗಳನ್ನು ಮಾಡುವ ಕಾಲ ಬಂದಿದೆ ಎಂದರು. ಕಾರಣ ಹೇಳಿದರೆ ಮೂರನೆಯವರ ಮಾನ ಹೋಗಬಹುದು, ಹೇಳಿದ ಕಾರಣದ ಮೇಲೇ ಮತ್ತೊಂದು ವ್ಯಾಜ್ಯ ಹುಟ್ಟಬಹುದು ಎಂಬ ಆಕ್ಷೇಪಣೆಯಿದೆ. ನನಗದು ಒಪ್ಪಿಗೆಯಿಲ್ಲ. ಕೃಷ್ಣೆಯ ಕೇಸಿನಲ್ಲಿ ಚಂದ್ರಚೂಡ್ ಮತ್ತು ಬೋಪಣ್ಣ ಕಾರಣ ಹೇಳಿದ್ದರಿಂದಲೇ ಕಲಾದಗಿಯಲ್ಲಿ ನಿಂತು ನಾನು ‘ಅದು ಸರಿಯಲ್ಲ’ ಎಂದು ವಾದಿಸಲು ಸಾಧ್ಯವಾಯಿತು. ಮೌನದ ಜೊತೆ ಭಿನ್ನಾಭಿಪ್ರಾಯಕ್ಕೂ ಜಾಗವಿಲ್ಲ.

ಆ ನಿಯಮಗಳು ಇನ್ನೂ ಬಂದಿಲ್ಲ. ದಿಲ್ಲಿ ಮಾಡುವ ತನಕ ನಾವು ಕಾಯಬೇಕಿಲ್ಲ. ನಮ್ಮ ಹೈಕೋರ್ಟು ತನ್ನ ಅಧೀನ ನ್ಯಾಯಾಲಯಗಳಿಗೆ ಒಂದು ಸುತ್ತೋಲೆಯಲ್ಲಿ ಹೇಳಬಹುದು: ಏಳುವವರು ಒಂದು ಸಾಲು ಕಾರಣ ಬರೆಯಲಿ, ತಕರಾರು ಬಂದರೂ ಏಳದವರು ಅದಕ್ಕೂ ಒಂದು ಸಾಲು ಬರೆಯಲಿ. ಯಾವ ಬಗೆಯ ಸಂಬಂಧ ಎಂದಷ್ಟು ಹೇಳಿದರೆ ಸಾಕು, ಹೆಸರು ಬೇಡ. ಇಲ್ಲಿ ಕೂತಿರುವ ವಕೀಲ ಸಂಘದ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು: ನಿಮ್ಮ ಮುಂದಿನ ಸಭೆಯಲ್ಲಿ ಹೀಗೊಂದು ಠರಾವು ಮಾಡಿ ಧಾರವಾಡ ಪೀಠದ ಮೂಲಕ ಕಳುಹಿಸಿ. ಪಕ್ಷಗಾರರಲ್ಲಿ ಇನ್ನೊಂದು ಬೇಡಿಕೆ: ನಿಮ್ಮ ನ್ಯಾಯಾಧೀಶರಿಗೆ ನಿಮ್ಮ ಕೇಸಿನಲ್ಲಿ ಪಾಲಿದೆ ಎಂದು ಗೊತ್ತಾದರೆ ಮೊದಲ ತಾರೀಖಿನಲ್ಲೇ ನಿಮ್ಮ ವಕೀಲರಿಗೆ ಹೇಳಿ. ತೀರ್ಪು ಬಂದ ಮೇಲೆ ಹೇಳಬೇಡಿ.